ಅರ್ಧ ಹಾಜರಿಗಳ ಕುರಿತು ಒಂದು ವಿವರಣೆ

ಇದನ್ನು ಓದುವವರಲ್ಲಿ ಮೊದಲಿಗೇ ಒಂದು ಮಾತನ್ನು ನಿವೇದಿಸಿಕೊಳ್ಳಬೇಕಾಗಿದೆ. ನಾನು ಇದುವರೆಗೆ ಬರೆದಿರುವುದೆಲ್ಲವೂ ಅರ್ಜಿಗಳೇ. ಮಲ್ಲಂದೂರು ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಆಳುಗಳಿಗೆಂದು ಕಟ್ಟಿಸಿದ ಸಾಲುಮನೆಯಲ್ಲಿ, ನಾನು ಬೆಳೆದೆ. ನಮ್ಮ ತೋಟದ ರೈಟರ್, ಅಂದರೆ ಪ್ರತಿದಿನ ಆಳುಗಳ ಹಾಜರಿ ಹಾಕುವವರು, ಲೈನಿನ ಜನರ ಪರವಾಗಿ ಪಂಚಾಯಿತಿಗೂ ವಿದ್ಯುತ್ ಕಚೇರಿಗೂ ಅರ್ಜಿ ಬರೆದುಕೊಡುತ್ತಿದ್ದರು. ವಯಸ್ಸಾಗಿ ಅವರ ಕೈ ನಡುಗತೊಡಗಿದ ಮೇಲೆ, ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ, ಏಳನೇ ತರಗತಿಯಿಂದ ಅವುಗಳ ಶುದ್ಧ ಪ್ರತಿಯನ್ನು ನಾನೇ ಬರೆಯುತ್ತಾ ಬಂದೆ. ಆದ್ದರಿಂದ ‘ಮೇಲ್ಕಂಡ’, ‘ಸದರಿ’, ‘ನಿಮಿತ್ತ’ ಮುಂತಾದ ಪದಗಳು ನಾನು ಕರೆಯದಿದ್ದರೂ ಬಂದುಬಿಡುತ್ತವೆ. ಕಾಲೇಜಿನ ಮೊದಲ ವರ್ಷದ ಅನುಭವವನ್ನು ಬರೆದುಕೊಡು ಎಂದು ನನ್ನ ಉಪನ್ಯಾಸಕಿಯವರು ಹೇಳಿದಾಗ ಎರಡು ವಾರ ಹಿಂಜರಿದೆ. ಬೇರೆ ಬಗೆಯಲ್ಲಿ ಬರೆಯಲು ಹೋಗಿ ನಾಲ್ಕು ಹಾಳೆ ಹರಿದು, ಕೊನೆಗೆ ನನಗೆ ತಿಳಿದಿರುವ ರೀತಿಯಲ್ಲಿಯೇ ಬರೆಯುತ್ತಿದ್ದೇನೆ. ಲೋಪಗಳು ಕಂಡುಬಂದಲ್ಲಿ ಮನ್ನಿಸಬೇಕು.

ಸದರಿ ವಿಷಯವು ನನ್ನ ಹಾಜರಿಗೆ ಸಂಬಂಧಿಸಿದ್ದು.

ಮಹಾಮಾರಿ ಬಂದ ವರ್ಷ ನಾನು ದ್ವಿತೀಯ ಪಿಯುಸಿಯಲ್ಲಿದ್ದೆ. ಉಳಿದೆಲ್ಲ ಪರೀಕ್ಷೆಗಳು ಮುಗಿದು ಇಂಗ್ಲಿಷ್ ಒಂದೇ ಬಾಕಿ ಇರುವಾಗ ಲಾಕ್‌ಡೌನ್ ಆಯಿತು. ಆ ಒಂದು ಪರೀಕ್ಷೆಗಾಗಿ ಮಳೆಗಾಲ ಹಿಡಿಯುವವರೆಗೆ ಕಾದು, ಮಾಸ್ಕ್ ಕಟ್ಟಿಕೊಂಡು ಹೋಗಿ ಬರೆದು ಬಂದೆ. ಫಲಿತಾಂಶ ಬಂದ ದಿನ ಸಂಜೆ, ತೋಟದ ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ ಅಮ್ಮನ ಮುಂದೆ ನಿಂತು, ಚಿಕ್ಕಮಗಳೂರಿನ ಕಾಲೇಜಿನಲ್ಲಿ ಬಿ.ಎ.ಗೆ ಸೇರುವ ವಿಚಾರವನ್ನು ಪ್ರಸ್ತಾಪಿಸಿದೆ. ನಾನು ಐದನೇ ತರಗತಿಯಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ, ನಮ್ಮ ಮನೆಯ ಯಾವುದೇ ತೀರ್ಮಾನಕ್ಕೆ ಅಮ್ಮನ ಒಂದು ಒಪ್ಪಿಗೆ ಸಾಕಾಗಿತ್ತು. ಆದರೆ ಆ ಒಂದು ಒಪ್ಪಿಗೆ ಸಿಗುವುದು ಸುಲಭವಿರಲಿಲ್ಲ.

“ಮೊದಲ್ನೇ ಪರೀಕ್ಷೆ ತನಕ ನೋಡಾಣ” ಎಂದಳು ಅಮ್ಮ. “ಬರ್ದು ಪಾಸಾದ್ಯಾ, ಓದು. ನಾನ್ ಅಡ್ಡ ಬರಲ್ಲ. ಆಗ್ಲಿಲ್ಲ ಅಂದ್ರೆ ರೈಟ್ರಿಗೆ ಹೇಳಿ ಪುಸ್ತಕಕ್ಕೆ ನಿನ್ ಹೆಸ್ರು ಸೇರ್ಸಾಣ. ಅಲ್ಲಿ ಒಂದ್ ಕಾಲು, ಇಲ್ಲಿ ಒಂದ್ ಕಾಲು ಮಾತ್ರ ಬೇಡ ಕಣೇ.”

ರೈಟರ ಪುಸ್ತಕವೆಂದರೆ ತೋಟದ ಹಾಜರಿ ಪುಸ್ತಕ. ಅಜ್ಜಿಯ ಹೆಸರು ಅದರಲ್ಲಿತ್ತು, ಅಮ್ಮನ ಹೆಸರು ಇದೆ. ಆ ಪುಸ್ತಕದ ಬಗ್ಗೆ ನನಗೆ ಯಾವುದೇ ಅಗೌರವವಿಲ್ಲ; ನಾನು ಉಂಡದ್ದೆಲ್ಲ ಅದರಿಂದಲೇ. ಆದಾಗ್ಯೂ ನನ್ನ ಹೆಸರು ಬೇರೊಂದು ಪುಸ್ತಕದಲ್ಲಿ ಇರಬೇಕೆಂಬ ಆಸೆ ನನಗಿತ್ತು. ಮೊದಲ ಸೆಮಿಸ್ಟರಿನ ಪರೀಕ್ಷೆಗೆ ಕೂರುವುದೆಂದರೆ ನನ್ನ ಪಾಲಿಗೆ ಅದೇ ಆಗಿತ್ತು.

ತರಗತಿಗಳು ಮೊಬೈಲಿನಲ್ಲಿ ಆರಂಭವಾದವು. ಕಾಲೇಜಿನ ಕಟ್ಟಡವನ್ನು ನಾನು ಅದುವರೆಗೆ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದೆ. ನಮ್ಮ ಲೈನಿನಲ್ಲಿ ಯಾರಿಗಾದರೂ ಕರೆ ಮಾಡುವುದಕ್ಕೇ ಅಂಗಳದ ಮೂಲೆ ಹುಡುಕಬೇಕು. ಪಾಠ ಕೇಳುವಷ್ಟು ನೆಟ್‌ವರ್ಕ್ ತೋಟದ ತುದಿಯ ಬ್ಲಾಕಿನಲ್ಲಿ, ಸ್ಪ್ರಿಂಕ್ಲರಿಗೆಂದು ನೀರು ತುಂಬಿಸಿಡುವ ಸಿಮೆಂಟ್ ತೊಟ್ಟಿಯ ಕಟ್ಟೆಯ ಮೇಲೆ ಮಾತ್ರ ಸಿಗುತ್ತಿತ್ತು. ಅಲ್ಲಿಯೂ ಕಾಫಿಗೆ ನೆರಳಿಗೆಂದು ಬೆಳೆಸಿದ ಸಿಲ್ವರ್ ಮರದ ಕಡೆಗೆ ಬೆನ್ನು ಹಾಕಿ ಕುಳಿತರೆ ಬರುತ್ತಿತ್ತು. ಸ್ವಲ್ಪ ತಿರುಗಿದರೆ ಮೇಡಂ ಅವರ ಧ್ವನಿ ಬಾವಿಯ ಒಳಗಿನಿಂದ ಬಂದಂತಾಗಿ ನಿಂತುಹೋಗುತ್ತಿತ್ತು.

ಅರೇಬಿಕಾ ಹಣ್ಣಿನ ಕೊಯ್ಲು ಶುರುವಾದ ಮೇಲೆ ಅಮ್ಮ ಮತ್ತು ಅವಳ ಜೊತೆಯವರು ಆ ಬ್ಲಾಕಿಗೇ ಬಂದರು. ಕೊಯ್ಲಿನ ಕಾಲದಲ್ಲಿ ಕೆಲಸವಿಲ್ಲದವರು ಬ್ಲಾಕಿನೊಳಗೆ ಸುಮ್ಮನೆ ಕೂರುವಂತಿಲ್ಲ ಎಂಬುದು ತೋಟದ ಕಟ್ಟುಪಾಡು. ಎರಡನೆಯ ದಿನವೇ, ಆಳುಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ತಮ್ಮ ಕೊಡೆಯನ್ನು ಊರುಗೋಲಿನಂತೆ ಊರಿಕೊಂಡು ನನ್ನ ಮುಂದೆ ಬಂದು ನಿಂತರು.

“ಎಂತ ಮಾರಾಯ್ತಿ ಇದು? ಇಲ್ಲಿ ಎಲ್ರೂ ಬಗ್ಗಿ ಹಣ್ಣು ಕೊಯ್ಯೋವಾಗ ನೀನೊಬ್ಳು ಸಿಂಹಾಸನದ ಮೇಲೆ ಕೂತಂಗೆ ಕೂತಿದೀಯಲ್ಲ. ಸಾವ್ಕಾರ್ರು ನೋಡಿದ್ರೆ ಉಗ್ಯೋದು ನಂಗೆ.”

“ಪಾಠ ಮೇಸ್ತ್ರಣ್ಣ. ಕಾಲೇಜಿನ ಪಾಠ.”

“ಪಾಠ ಅಂತ ನಿಂಗ್ ಗೊತ್ತು. ನೋಡೋರಿಗೆ ಮೊಬೈಲಲ್ಲಿ ಸಿನಿಮಾ ನೋಡ್ದಂಗೆ ಕಾಣ್ತದೆ.” ಸ್ವಲ್ಪ ಯೋಚಿಸಿ ಅವರೇ ಒಂದು ದಾರಿ ಸೂಚಿಸಿದರು. “ಒಂದ್ ಕೆಲ್ಸ ಮಾಡು. ಹತ್ ಗಂಟೆ ಕಾಫಿ ನೀನ್ ತಂದ್ಕೊಡು. ಆಗ ನೀನೂ ಇಲ್ಲಿ ಕೆಲ್ಸದೋಳೇ ಆದೆ. ಯಾರೂ ಕೇಳಲ್ಲ.”

ಮೊದಲಾಗಿದ್ದರೆ ಹತ್ತು ಗಂಟೆಯ ಬೆಲ್ಲದ ಕಾಫಿಗೆ ಎಲ್ಲರೂ ಕೆಳಗೆ ಹಣ್ಣು ಒಣಗಿಸುವ ಕಣದ ಹತ್ತಿರ ಬಂದು ಸೇರುತ್ತಿದ್ದರು. ಆ ವರ್ಷ ಗುಂಪು ಸೇರಬಾರದೆಂಬ ಸೂಚನೆ ಬಂದಿದ್ದರಿಂದ, ಕಾಫಿಯನ್ನೇ ಅವರವರು ಕೆಲಸ ಮಾಡುವಲ್ಲಿಗೆ ಒಯ್ಯಬೇಕಾಗಿತ್ತು. ಕಣದಿಂದ ತುದಿಯ ಬ್ಲಾಕಿಗೆ ಏರುದಾರಿ. ಕೆಟಲ್ ತುಂಬಿದರೆ ಒಂದು ಕೈಯಲ್ಲಿ ಎತ್ತಲಾಗುವುದಿಲ್ಲ. ನಾನು ಸಂತೋಷದಿಂದಲೇ ಒಪ್ಪಿಕೊಂಡೆ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಬೇಕಾಗಿದೆ. ಮೊದಲ ತರಗತಿ ಇತಿಹಾಸ. ಅದು ಒಂಬತ್ತೂವರೆಗೆ ಆರಂಭವಾಗಿ ಹತ್ತೂವರೆಗೆ ಮುಗಿಯುತ್ತಿತ್ತು. ಹತ್ತಕ್ಕೆ ಕಾಫಿ ತರಬೇಕೆಂದರೆ ಅರ್ಧ ಪಾಠಕ್ಕೆ ಎದ್ದು ಇಳಿಯಬೇಕು. ಎಲ್ಲರಿಗೂ ಕೊಟ್ಟು, ಕೆಟಲನ್ನು ಕೆಳಗಿಟ್ಟು ಮತ್ತೆ ಕಟ್ಟೆಗೆ ಬರುವಷ್ಟರಲ್ಲಿ ಮುಂದಿನ ತರಗತಿ ಶುರುವಾಗುತ್ತಿತ್ತು. ಅದನ್ನು ಪೂರ್ತಿ ಕೇಳುತ್ತಿದ್ದೆ. ಹತ್ತು ಗಂಟೆಗೆ ಪಾಠವೇ ಮುಗಿಯುತ್ತದೆಂದು ಅಮ್ಮ ತಿಳಿದಿದ್ದಳು. ಹೌದೆಂದು ನಾನು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಹೀಗೆ ಅರ್ಧಕ್ಕೆ ಏಳುವುದರಲ್ಲಿ ನನಗೆ ಯಾವ ತಪ್ಪೂ ಕಂಡಿರಲಿಲ್ಲ. ತೋಟದಲ್ಲಿ ಅರ್ಧ ಹಾಜರಿ ಎಂಬುದಿದೆ. ಮಧ್ಯಾಹ್ನದ ಊಟದವರೆಗೆ ಕೆಲಸ ಮಾಡಿ, ಆಸ್ಪತ್ರೆಗೋ ಸಂತೆಗೋ ಹೋಗುವವರು ರೈಟರಿಗೆ ಹೇಳಿ ಹೋದರೆ ಸಾಕು. ಅವರು ಆ ಹೆಸರಿನ ಮುಂದೆ ಒಂದು ಓರೆ ಗೆರೆ ಎಳೆಯುತ್ತಾರೆ. ಪೂರ್ತಿ ದಿನ ಇದ್ದವರಿಗೆ ಅದೇ ಗೆರೆಯ ಮೇಲೆ ಇನ್ನೊಂದು ಗೆರೆ ಬಿದ್ದು ಗುಣಾಕಾರದ ಗುರುತಾಗುತ್ತದೆ. ಅರ್ಧ ದಿನ ದುಡಿದವರನ್ನು ದಿನವಿಡೀ ಬಾರದವರ ಜೊತೆ ಸೇರಿಸುವುದು ಯಾರಿಗೂ ನ್ಯಾಯವಾಗಿ ಕಾಣುವುದಿಲ್ಲ. ನಾನು ಹುಟ್ಟಿದಾಗಿನಿಂದ ಕಂಡ ಹಾಜರಿ ಇದೊಂದೇ. ಎಲ್ಲ ಕಡೆಯೂ ಹೀಗೆಯೇ ಇರುತ್ತದೆಂದು ಭಾವಿಸಿದ್ದೆ.

ಆದ್ದರಿಂದ ನಾನೂ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಇತಿಹಾಸದ ತರಗತಿಗೆ ದಿನಕ್ಕೊಂದು ಓರೆ ಗೆರೆ ಎಳೆಯುತ್ತಾ ಬಂದೆ. ಹೇಳದೆ ಹೋಗುವುದು ಕ್ರಮವಲ್ಲವೆಂದು, ಹತ್ತು ಗಂಟೆಗೆ ಏಳುವ ಮೊದಲು ಪ್ರತಿದಿನ ಇತಿಹಾಸದ ಮೇಡಂ ಅವರಿಗೆ ಪರದೆಯ ಮೇಲೆ ಒಂದು ಸಂದೇಶವನ್ನೂ ಕಳುಹಿಸುತ್ತಿದ್ದೆ: “ಮಾನ್ಯ ಮೇಡಂ, ಅನಿವಾರ್ಯ ಕೆಲಸದ ನಿಮಿತ್ತ ಈಗ ತೆರಳುತ್ತಿದ್ದೇನೆ. ದಯಮಾಡಿ ಅರ್ಧ ಹಾಜರಿಯನ್ನು ನೀಡಬೇಕಾಗಿ ವಿನಂತಿ.” ಉತ್ತರ ಬಂದಿರಲಿಲ್ಲ. ಕಚೇರಿಗಳಿಂದ ಉತ್ತರ ಬಾರದಿದ್ದರೆ ಅರ್ಜಿ ಸ್ವೀಕೃತವಾಗಿದೆ ಎಂದರ್ಥ ಎಂದು ರೈಟರ್ ಹೇಳುತ್ತಿದ್ದರು.

ಇದರಿಂದ ನನ್ನ ಇತಿಹಾಸ ಜ್ಞಾನ ಒಂದು ವಿಚಿತ್ರ ಆಕಾರ ಪಡೆಯಿತು. ಮೇಡಂ ಅವರು ಒಂದು ತರಗತಿಗೆ ಒಂದು ರಾಜವಂಶದಂತೆ ಪಾಠ ಮಾಡುತ್ತಿದ್ದರು. ಪ್ರತಿಯೊಂದು ರಾಜ್ಯವೂ ಸ್ಥಾಪನೆಯಾಗುವುದನ್ನು, ಕೋಟೆ ಕಟ್ಟುವುದನ್ನು, ಅದರ ದೊಡ್ಡ ರಾಜ ಪಟ್ಟಕ್ಕೆ ಬರುವುದನ್ನು ನಾನು ತಪ್ಪದೆ ಕೇಳಿದೆ. ಯಾವುದೊಂದೂ ಹೇಗೆ ಅಳಿಯಿತೆಂಬುದು ನನಗೆ ತಿಳಿಯಲಿಲ್ಲ. ಅವೆಲ್ಲವೂ ಅಳಿಯುವಾಗ ನಾನು ಕೆಟಲ್ ಹಿಡಿದುಕೊಂಡು ಏರು ಹತ್ತುತ್ತಿದ್ದೆ.

ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಸೊಂಟಕ್ಕೆ ಕಟ್ಟಿದ ಚೀಲ ಬಿಚ್ಚದೆಯೇ ಕಾಫಿ ಕುಡಿಯುತ್ತಾ, ನಮ್ಮ ಪಕ್ಕದ ಮನೆಯ ಚಿಕ್ಕಮ್ಮ ದಿನಾ ಕೇಳುತ್ತಿದ್ದರು. “ಇವತ್ ಯಾವ್ ರಾಜ ಬಂದಿದ್ದ?” ನಾನು ಹೇಳಿದರೆ, “ಎಷ್ಟ್ ಜನ ಹೆಂಡ್ತೀರು?” ಎಂಬುದು ಅವರ ಮುಂದಿನ ಪ್ರಶ್ನೆ. ಅದು ಪಾಠದಲ್ಲಿ ಇರುತ್ತಿರಲಿಲ್ಲ. “ಮುಖ್ಯವಾದ್ದೇ ಹೇಳ್ಕೊಡಲ್ವಲ್ಲೇ ನಿಮ್ ಕಾಲೇಜಲ್ಲಿ” ಎಂದು ಅವರು ನಕ್ಕರೆ ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ಆ ದಿನಗಳು ನನಗೆ ಹಿತವಾಗಿದ್ದವು. ಅದನ್ನು ಮರೆಮಾಚಿದರೆ ಈ ವಿವರಣೆ ಅಪೂರ್ಣವಾಗುತ್ತದೆ.

ಹೊಸ ವರ್ಷ ಬಂದು, ರೊಬಸ್ಟಾ ಕೊಯ್ಲು ಆರಂಭವಾಗುವ ಹೊತ್ತಿಗೆ ಕಾಲೇಜಿನ ಬಾಗಿಲು ತೆರೆಯಿತು. ಬರಲೇಬೇಕೆಂಬ ಕಡ್ಡಾಯವಿರಲಿಲ್ಲ. ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೋ ಎಂದು ಅಮ್ಮ ಹೆದರಿದ್ದರಿಂದ ನಾನು ಕಟ್ಟೆಯ ಮೇಲೆಯೇ ಮುಂದುವರಿದೆ. ಹೀಗಿರುವಾಗ ಒಂದು ಮಧ್ಯಾಹ್ನ ತರಗತಿಯ ಗ್ರೂಪಿಗೆ ನೋಟಿಸಿನ ಒಂದು ಫೋಟೊ ಬಂತು. ಇತಿಹಾಸದಲ್ಲಿ ಹಾಜರಿ ಕೊರತೆಯಿರುವವರ ಸಂಖ್ಯೆ ಮತ್ತು ಅವರು ಹಾಜರಿದ್ದ ದಿನಗಳ ಪಟ್ಟಿ ಅದು. ಇವರು ಪರೀಕ್ಷೆಗೆ ಅರ್ಹರಲ್ಲ, ಆಕ್ಷೇಪಣೆ ಇದ್ದಲ್ಲಿ ಒಂದು ವಾರದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು ಎಂದಿತ್ತು. ಪಟ್ಟಿಯಲ್ಲಿ ನನ್ನ ಸಂಖ್ಯೆ ಮೂರನೆಯದು.

ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ಎರಡೆರಡು ಅರ್ಧವನ್ನು ಒಂದಾಗಿ ಕೂಡಿದೆ. ಕಡಿಮೆ ಇದ್ದರೂ ಇಷ್ಟೊಂದು ಕಡಿಮೆ ಇರಲು ಸಾಧ್ಯವಿರಲಿಲ್ಲ. ಗ್ರೂಪಿನಲ್ಲಿದ್ದ ಒಬ್ಬ ಸಹಪಾಠಿಗೆ ಕರೆ ಮಾಡಿ ವಿಚಾರಿಸಿದೆ. ಅವಳ ಮುಖವನ್ನು ನಾನು ನೋಡಿರಲಿಲ್ಲ.

“ಮೇಡಂ ಹಾಜರಿ ತಗೊಳೋದು ಕೊನೇ ಐದ್ ನಿಮಿಷದಲ್ಲಿ ಅಲ್ವಾ?” ಎಂದಳು ಅವಳು. “ಮೊದಮೊದ್ಲು ಲಾಗಿನ್ ಪಟ್ಟಿ ನೋಡಿ ಹಾಕ್ತಿದ್ರು. ಆಮೇಲೆ ಬದಲಾಯಿಸಿದ್ರು, ಲಾಗಿನ್ ಆಗಿ ನಿದ್ದೆ ಹೊಡೆಯೋರ್ನ ಹಿಡಿಯಕ್ಕೆ. ಗೊತ್ತಿಲ್ವಾ ನಿಂಗೆ?”

ನನಗೆ ಗೊತ್ತಿರಲಿಲ್ಲ. ಕೆಟಲ್ ಹಿಡಿದಂದಿನಿಂದ ಯಾವ ದಿನವೂ ಆ ಕೊನೆಯ ಐದು ನಿಮಿಷದಲ್ಲಿ ನಾನು ಅಲ್ಲಿರಲಿಲ್ಲ.

ಅಂದು ಸಂಜೆ ರೈಟರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಕನ್ನಡಕವನ್ನು ಒರೆಸಿಕೊಂಡು ಫೋಟೊವನ್ನು ಎರಡು ಸಲ ಓದಿದರು.

“ಇದೇನ್ ದೊಡ್ಡ ವಿಷ್ಯ ಅಲ್ಲ ಮಗ” ಎಂದರು. “‘ಅನಾರೋಗ್ಯದ ನಿಮಿತ್ತ’ ಅಂತ ಬರಿ. ಇಷ್ಟ್ ವರ್ಷದಿಂದ ಅದೊಂದೇ ಕಾರಣ ಬರ್ಕಂಡ್ ಬಂದೀನಿ. ಒಂದ್ ಅರ್ಜೀನೂ ವಾಪಸ್ ಬಂದಿಲ್ಲ. ಈ ವರ್ಷ ಅಂತೂ ಕೊರೋನಾ ಅಂತ ಸೇರ್ಸಿಬಿಟ್ರೆ ಮುಗೀತು. ಕಾಗ್ದ ಮುಟ್ಟಕ್ಕೂ ಹೆದರಿ ಸಹಿ ಹಾಕ್ತಾರೆ.”

ಅವರು ಹೇಳಿದಂತೆಯೇ ಮನೆಯ ಜಗಲಿಯಲ್ಲಿ ಕುಳಿತು ಶುದ್ಧ ಪ್ರತಿ ತಯಾರಿಸಿದೆ. ಅಕ್ಷರಗಳು ಚೆನ್ನಾಗಿಯೇ ಬಂದಿದ್ದವು. ಅಮ್ಮ ಓದಿ ಹೇಳೆಂದಳು, ಓದಿದೆ. ಪಕ್ಕದ ಮನೆಯ ಚಿಕ್ಕಮ್ಮ ತಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು.

“ಯಾರಿಗ್ ಬಂದಿತ್ತೇ ಕೊರೋನಾ?” ಎಂದು ಅಮ್ಮ ಕೇಳಿದಳು.

“ನಂಗೆ.”

“ಯಾವಾಗ?”

“ಬಂದಿಲ್ಲ. ಸುಮ್ನೆ ಬರ್ದಿದ್ದು. ರೈಟ್ರು ಹೇಳಿದ್ರು.”

ಅಮ್ಮ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. “ಈ ಕಾಗ್ದ ಕಾಲೇಜಿಂದ ಆಸ್ಪತ್ರೆಗೆ ಹೋದ್ರೆ? ನಾಳೆ ಬೆಳಗ್ಗೆ ಬಂದು ಲೈನಿಗೆ ಟೇಪ್ ಕಟ್ಟಿ ಹೋಗ್ತಾರೆ. ಅಷ್ಟೂ ಮನೆಯೋರು ಒಳಗ್ ಕೂತ್ಕಂಡು, ಹಣ್ಣು ಉದುರೋದ್ ನೋಡ್ಬೇಕು. ಬರದೇ ಇರೋ ಜ್ವರಾನ ನೀನಾಗೇ ಯಾಕ್ ಮನೆಗ್ ಕರೀತೀಯ?”

ಇದನ್ನು ನಾನೂ ಯೋಚಿಸಿರಲಿಲ್ಲ, ರೈಟರೂ ಯೋಚಿಸಿರಲಿಲ್ಲ. ನಮ್ಮಿಬ್ಬರಿಗೂ ಅದು ಅರ್ಜಿಯಲ್ಲಿ ಬರುವ ಒಂದು ಪದ ಮಾತ್ರವಾಗಿತ್ತು.

“ಆಗಿದ್ದೇನು, ಅದ್ನ ಹೇಳು ಮೊದ್ಲು” ಎಂದಳು ಅಮ್ಮ.

ಆಗಿದ್ದನ್ನು ಹೇಳಿದೆ. ಪಾಠ ಹತ್ತಕ್ಕೆ ಮುಗಿಯುತ್ತಿರಲಿಲ್ಲ ಎಂಬುದನ್ನು ಹೇಳಲು ಹೆಚ್ಚು ಹೊತ್ತು ಬೇಕಾಯಿತು. ಚಿಕ್ಕಮ್ಮನ ಮೊರದ ಸದ್ದು ನಿಂತಿತು.

“ಅಯ್ಯೋ ಮಾರಾಯ್ತಿ! ನಾವ್ ಕುಡಿದಿದ್ದು ಇವ್ಳ ಪಾಠಾನಾ?” ಎಂದರು ಅವರು. “ಬಾಯ್ ಬಿಟ್ಟು ಹೇಳಕ್ಕೇನಾಗಿತ್ತು ನಿಂಗೆ? ಒಂದ್ ದಿನ ಕಾಫಿ ಇಲ್ದಿದ್ರೆ ನಾವೇನ್ ಸಾಯ್ತಿದ್ವಾ?”

“ಹೇಳಿದ್ರೆ ಕಟ್ಟೆ ಮೇಲೆ ಕೂರಕ್ಕೆ ಬಿಡ್ತಿರ್ಲಿಲ್ಲ ಚಿಕ್ಕಮ್ಮ.”

ಅಮ್ಮ ಒಳಗೆ ಹೋದಳು. ಅನ್ನ ಬಸಿಯುವ ಸದ್ದು ಕೇಳಿಸಿತು. ಅವಳು ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಅಲ್ಲಿ ಒಂದು ಕಾಲು ಇಲ್ಲಿ ಒಂದು ಕಾಲು ಬೇಡವೆಂದು ಅವಳು ಹೇಳಿದ್ದ ಮಾತು ನನಗೆ ತಾನಾಗಿಯೇ ನೆನಪಾಯಿತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ, “ಇದ್ದಿದ್ದು ಇದ್ದಂಗೇ ಬರಿ. ಅದ್ರ ಮೇಲೆ ಆದಂಗಾಗ್ಲಿ” ಎಂದಳು.

ಇದ್ದಿದ್ದನ್ನು ಇದ್ದಂತೆ ಬರೆಯುವುದು ಕಷ್ಟವೆಂದು ನನಗೆ ತಿಳಿದದ್ದು ಆಗಲೇ. ಹಳೆಯ ಅರ್ಜಿಗಳಲ್ಲಿ ಇದಕ್ಕೆ ಮಾದರಿ ಇರಲಿಲ್ಲ. ಮರುದಿನ ರೈಟರನ್ನು ಕೇಳಿದಾಗ ಅವರೂ ತಲೆ ಕೆರೆದುಕೊಂಡರು. “ಕಾಫಿ ಕೆಟಲ್ ಅಂತ ಅರ್ಜೀಲಿ ಬರೀತಾರಾ? ಅದಕ್ಕೆ ಕಚೇರಿ ಮಾತಲ್ಲಿ ಪದಾನೇ ಇಲ್ಲ ಮಗ” ಎಂದರು. ‘ಕಾರ್ಮಿಕರಿಗೆ ಪಾನೀಯ ಸರಬರಾಜು ಮಾಡುವ ನಿಮಿತ್ತ’ ಎಂದು ಬರೆದೆ. ಓದಿದಾಗ ಅದು ನಾನು ಮಾಡಿದ ಕೆಲಸದಂತೆ ಕಾಣಲಿಲ್ಲ. ಹೊಡೆದುಹಾಕಿ, ‘ಹತ್ತು ಗಂಟೆಗೆ ಹಣ್ಣು ಕೊಯ್ಯುವವರಿಗೆ ಕಾಫಿ ಕೊಡಲು ಹೋಗುತ್ತಿದ್ದೆ’ ಎಂದು ಬರೆದೆ. ನನ್ನ ಜೀವನದಲ್ಲಿ ಯಾರ ಪ್ರತಿಯೂ ಅಲ್ಲದೆ ಬರೆದ ಮೊದಲ ವಾಕ್ಯ ಅದು.

ಹೀಗೆ, ಕಾಲೇಜಿಗೆ ಸೇರಿ ಮೂರು ತಿಂಗಳು ಕಳೆದ ಮೇಲೆ, ನಾನು ಮೊದಲ ಬಾರಿಗೆ ಕಾಲೇಜಿನ ಗೇಟು ದಾಟಿದೆ. ಒಬ್ಬರು ನನ್ನ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದು ಒಳಗೆ ಬಿಟ್ಟರು. ಮೇಡಂ ತರಗತಿಯಲ್ಲಿರುವುದಾಗಿ ತಿಳಿಸಿ ವರಾಂಡದ ಬೆಂಚಿನ ಮೇಲೆ ಕೂರಲು ಹೇಳಿದರು. ಬೆಂಚಿನ ಮೇಲೆ ಒಂದು ಜಾಗ ಬಿಟ್ಟು ಒಂದು ಜಾಗಕ್ಕೆ ಬಿಳಿ ಬಣ್ಣದಲ್ಲಿ ಗುಣಾಕಾರದ ಗುರುತು ಬಳಿದಿತ್ತು. ಅದನ್ನು ಕಂಡು ನನಗೆ ಸಮಾಧಾನವಾಯಿತು. ಇಲ್ಲಿಯೂ ನಮ್ಮ ಪದ್ಧತಿಯೇ ಇದೆ ಎಂದುಕೊಂಡು ಆ ಗುರುತಿನ ಮೇಲೆಯೇ ಹೋಗಿ ಕುಳಿತೆ. ಗುಡಿಸುತ್ತಿದ್ದ ಹೆಂಗಸೊಬ್ಬರು ಪೊರಕೆ ಎತ್ತಿ, “ಅದ್ರ ಮೇಲೆ ಕೂರ್ಬಾರ್ದು ಅಂತಾನೇ ಹಾಕಿರೋದು ಪುಟ್ಟಿ, ಈಚೆ ಬಾ” ಎಂದರು.

ಮೇಡಂ ಬಂದಾಗ ನಾನು ಅವರನ್ನು ಗುರುತಿಸಿದ್ದು ಧ್ವನಿಯಿಂದ. ಮುಖದ ಮುಕ್ಕಾಲು ಭಾಗ ಮಾಸ್ಕಿನಲ್ಲಿತ್ತು. ಅವರು ನಿಂತುಕೊಂಡೇ ಪತ್ರ ಓದಿದರು, ಆಮೇಲೆ ಕುಳಿತು ಇನ್ನೊಮ್ಮೆ ಓದಿದರು.

“ದಿನಾ ಅರ್ಧ ಹಾಜರಿ ಕೇಳ್ತಿದ್ದೋಳು ನೀನೇನಾ?”

“ಹೌದು ಮೇಡಂ.”

“ಯಾರೋ ಹುಡುಗ್ರು ನನ್ನ ಆಟ ಆಡಿಸ್ತಿದಾರೆ ಅಂದ್ಕೊಂಡಿದ್ದೆ ಕಣಮ್ಮ. ಮನೇಲಿ ಎಲ್ಲರಿಗೂ ಓದಿ ಹೇಳಿ ನಕ್ಕಿದೀನಿ.” ಅವರು ಪತ್ರವನ್ನು ಮಡಚಿ ಹಿಡಿದರು. “ಒಂದ್ ಸಲ ಕೇಳ್ಬೇಕಿತ್ತು ನಾನು.”

ನಾನು ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ಅವರ ಮುಂದಿಟ್ಟು ಓರೆ ಗೆರೆಗಳ ಪದ್ಧತಿಯನ್ನು ವಿವರಿಸಿದೆ. ಅವರು ನಗಲಿಲ್ಲ.

“ನಿಮ್ಮ ತೋಟದ ಲೆಕ್ಕ ನ್ಯಾಯವಾಗೇ ಇದೆ. ಆದ್ರೆ ಇಲ್ಲಿ ಅರ್ಧ ಅನ್ನೋದು ಇಲ್ಲಮ್ಮ. ಇದ್ರೆ ಇದ್ದ ಹಾಗೆ, ಇಲ್ದಿದ್ರೆ ಇಲ್ಲ. ನಾನು ಬರ್ಕೊಡ್ತೀನಿ ಅಂದ್ರೂ ಬರ್ಯೋಕೆ ಜಾಗ ಇಲ್ಲ.” ಮತ್ತೆ ಕೇಳಿದರು, “ಸರಿ, ಮೌರ್ಯರು ಹೇಗೆ ಅಧಿಕಾರಕ್ಕೆ ಬಂದ್ರು, ಹೇಳು.”

ಹೇಳಿದೆ. ತಡೆಯದೆ ಹೇಳಿದೆ.

“ಹೇಗೆ ಹೋದ್ರು?”

“ಆಗ ನಾನು ಕಾಫಿ ತರಕ್ಕೆ ಹೋಗಿದ್ದೆ ಮೇಡಂ.”

“ಗುಪ್ತರು?”

“ಬಂದಿದ್ದು ಗೊತ್ತು ಮೇಡಂ.”

ಅವರ ಕಣ್ಣುಗಳ ಅಂಚು ಸುಕ್ಕಾದದ್ದನ್ನು ನೋಡಿ, ಮಾಸ್ಕಿನ ಹಿಂದೆ ಅವರು ನಗುತ್ತಿದ್ದಾರೆಂದು ತಿಳಿಯಿತು. “ಇರು” ಎಂದು ಪತ್ರವನ್ನು ತೆಗೆದುಕೊಂಡು ಪ್ರಾಂಶುಪಾಲರ ಕೊಠಡಿಗೆ ಹೋದರು. ಬಾಗಿಲು ಮುಚ್ಚಿತ್ತು, ಒಳಗೆ ಏನು ಮಾತಾಯಿತೆಂದು ನನಗೆ ತಿಳಿಯದು. ಹೊರಗೆ ಬಂದವರು ಷರತ್ತುಗಳನ್ನು ಹೇಳಿದರು. ಕಳೆದ ಹಾಜರಿ ಕಳೆದದ್ದೇ. ಪರೀಕ್ಷೆಯವರೆಗೆ ಒಂದು ದಿನವೂ ತಪ್ಪದೆ ಖುದ್ದಾಗಿ ತರಗತಿಗೆ ಬರಬೇಕು. ಅದಲ್ಲದೆ ಪ್ರತಿ ಶನಿವಾರ ಮಧ್ಯಾಹ್ನ ಪಟ್ಟಿಯಲ್ಲಿರುವವರಿಗಾಗಿ ಮೇಡಂ ನಡೆಸುವ ವಿಶೇಷ ತರಗತಿಗಳಲ್ಲಿ ಪೂರ್ತಿ ಕೂರಬೇಕು. ಇದೆಲ್ಲ ಆದರೆ ಹಾಲ್ ಟಿಕೆಟ್ ಸಿಗುತ್ತದೆ. ಒಂದು ದಿನ ತಪ್ಪಿದರೂ ಇಲ್ಲ.

“ಒಂದ್ ದಿನಾನೂ, ಅರ್ಧ ದಿನಾನೂ” ಎಂದು ಮೇಡಂ ಒತ್ತಿ ಹೇಳಿ, ಪೋಷಕರ ಒಪ್ಪಿಗೆ ಪತ್ರದ ನಮೂನೆಯನ್ನು ಕೈಗಿತ್ತರು.

ಆ ನಮೂನೆಯನ್ನು ಸಂಜೆ ಅಮ್ಮನಿಗೆ ಓದಿ ಹೇಳಿದೆ. ಮಗಳನ್ನು ಸ್ವಂತ ಜವಾಬ್ದಾರಿಯ ಮೇಲೆ ಕಳುಹಿಸುತ್ತಿರುವುದಾಗಿಯೂ, ಸೋಂಕು ತಗುಲಿದಲ್ಲಿ ಕಾಲೇಜು ಹೊಣೆಯಲ್ಲವೆಂದೂ ಅದರಲ್ಲಿತ್ತು.

“ಎಲ್ಲಾ ನನ್ ತಲೆ ಮೇಲೇ ಹಾಕಿದಾರಲ್ಲ” ಎಂದಳು ಅಮ್ಮ. ಕಾಗದವನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದಳು. ಹಿಂದೆ ಖಾಲಿಯಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕವೇ ಕೂರಬೇಕು, ಬಂದ ತಕ್ಷಣ ಹಿಂದಿನ ಬಚ್ಚಲಿಗೇ ಹೋಗಬೇಕು, ಬಟ್ಟೆ ಬೇರೆ ನೆನೆಸಬೇಕು ಎಂದು ಅವಳೂ ತನ್ನ ಷರತ್ತುಗಳನ್ನು ಹೇಳಿದಳು. ಎಲ್ಲಕ್ಕೂ ಒಪ್ಪಿದೆ. ಅವಳು ನನ್ನ ಪೆನ್ನು ತೆಗೆದುಕೊಂಡು, ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಸಹಿ ಮಾಡಿದಳು.

ಮರುದಿನ ಬೆಳಗ್ಗೆ ಬಸ್ಸಿಗೆ ಹೊರಟವಳು ಕಣದ ಮುಂದೆ ಹಾಯ್ದು ಹೋಗಬೇಕಾಗಿತ್ತು. ರೈಟರ್ ಹೆಸರು ಕರೆಯುತ್ತಿದ್ದರು. ಒಬ್ಬೊಬ್ಬರಾಗಿ ‘ಬಂದೀನಿ’ ಎನ್ನುತ್ತಿದ್ದರು. ನನ್ನ ಬೆನ್ನಿನ ಚೀಲ ನೋಡಿ ಮೇಸ್ತ್ರಿ ಕೊಡೆ ಎತ್ತಿದರು.

“ಎಲ್ಲಿಗೆ ಸವಾರಿ? ಹತ್ ಗಂಟೆ ಕಾಫಿ ಯಾರ್ ತರ್ತಾರೆ?”

ನಾನು ಉತ್ತರ ಹುಡುಕುವಷ್ಟರಲ್ಲಿ ಸಾಲಿನಿಂದ ಚಿಕ್ಕಮ್ಮ ಹೇಳಿದರು. “ನೀವೇ ತನ್ನಿ ಮೇಸ್ತ್ರಿ. ಕೊಡೆ ಹಿಡ್ಕಂಡು ನಿಲ್ಲಕ್ಕೆ ಎರಡೂ ಕೈ ಬೇಕಾ?”

ಎಲ್ಲರೂ ನಕ್ಕರು. ರೈಟರ್ ಪುಸ್ತಕದಿಂದ ತಲೆಯೆತ್ತದೆ, “ನಾನಂತೂ ನಿಮ್ಗೆ ಅರ್ಧ ಹಾಜರಿ ಹಾಕಲ್ಲ ಮೇಸ್ತ್ರಿ, ಪೂರ್ತೀನೇ ಹಾಕ್ತೀನಿ” ಎಂದರು. ಅಮ್ಮ ಮಾತ್ರ ನಗದೆ ನನ್ನನ್ನು ನೋಡಿ, ಬಸ್ಸಿನ ರಸ್ತೆಯ ಕಡೆಗೆ ಗಲ್ಲ ಎತ್ತಿದಳು. ಹೊತ್ತಾಯಿತು, ಹೋಗು ಎಂದರ್ಥ. ಆಮೇಲೆ ತಿಳಿದ ಪ್ರಕಾರ, ಮೊದಲ ದಿನ ಮೇಸ್ತ್ರಿ ಕೆಟಲ್ ಹೊತ್ತು ತಂದು, ಏದುಸಿರು ಬಿಡುತ್ತಾ ತೊಟ್ಟಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಿದ್ದರಂತೆ. “ಸಾವ್ಕಾರ್ರು ನೋಡಿದ್ರೆ?” ಎಂದು ಚಿಕ್ಕಮ್ಮ ಕೇಳಿದರಂತೆ.

ಕಾಲೇಜಿನ ಆ ವಾರಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸಹಪಾಠಿಗಳನ್ನು ನಾನು ಕಣ್ಣುಗಳಿಂದ ಕಲಿತೆ. ಫೋನಿನಲ್ಲಿ ಮಾತಾಡಿದ್ದ ಹುಡುಗಿ ನನ್ನ ಮುಂದಿನ ಬೆಂಚಿನಲ್ಲಿಯೇ ಕೂರುತ್ತಾಳೆಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ಅವಳು ಮೊದಲ ಸಲ ಊಟಕ್ಕೆ ಮಾಸ್ಕ್ ತೆಗೆದಾಗ, ನಾನು ಊಹಿಸಿಕೊಂಡಿದ್ದ ಮುಖವೇ ಬೇರೆ, ಇದ್ದ ಮುಖವೇ ಬೇರೆ. ನನ್ನನ್ನು ನೋಡಿ ಅವಳಿಗೂ ಹಾಗೆಯೇ ಆಯಿತಂತೆ. ಸ್ವಲ್ಪ ಹೊತ್ತು ಇಬ್ಬರೂ ಅಪರಿಚಿತರಂತೆ ಊಟ ಮಾಡಿದೆವು. ಹಾಜರಿ ಕೂಗುವಾಗ ಮೊದಲ ದಿನ ನನ್ನ ಸಂಖ್ಯೆ ಬಂದಾಗ ಬಾಯಿಂದ ಬಂದದ್ದು ‘ಬಂದೀನಿ’ ಎಂದೇ. ತರಗತಿ ನಕ್ಕಿತು. ಮೇಡಂ ಮಾತ್ರ ಗುರುತು ಹಾಕಿಕೊಂಡು, “ಬಂದಿದಾಳೆ” ಎಂದು ಮುಂದಿನ ಸಂಖ್ಯೆಗೆ ಹೋದರು.

ಶನಿವಾರಗಳಲ್ಲಿ ನಾವು ಐದೇ ಜನ. ಮೇಡಂ ಹಿಂದಿನ ಪಾಠಗಳನ್ನು ಮತ್ತೆ ತೆಗೆದುಕೊಂಡರು. ಒಂದೊಂದೇ ರಾಜ್ಯವು ನನ್ನ ಕಣ್ಣಮುಂದೆ ಕೊನೆಗಂಡಿತು. ದುರ್ಬಲ ಉತ್ತರಾಧಿಕಾರಿಗಳು, ದೂರದ ಪ್ರಾಂತ್ಯಗಳು, ಗಡಿಯಲ್ಲಿ ಕಾಯುತ್ತಿದ್ದವರು ಎಂದು ಕಾರಣಗಳು ಒಂದೇ ಬಗೆಯವಾಗಿದ್ದರೂ ನಾನು ಪ್ರತಿ ಸಲವೂ ಬೇಸರಪಟ್ಟೆ. ಇಷ್ಟು ದಿನ ಅವರೆಲ್ಲ ಸಿಂಹಾಸನದ ಮೇಲೆಯೇ ಇದ್ದಾರೆಂದು ನಾನು ನಂಬಿಕೊಂಡಿದ್ದೆ. ಬಸ್ಸಿನಲ್ಲಿ ಹಿಂದಿರುಗುವಾಗ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು, ಅಂದು ಕೇಳಿದ ಪಾಠದ ಹಳೆಯ ಓರೆ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆಯುತ್ತಿದ್ದೆ. ಕಾಲೇಜಿಗೆ ಅದರಿಂದ ಪ್ರಯೋಜನವಿರಲಿಲ್ಲ. ನನಗೆ ಬೇಕಾಗಿತ್ತು.

ಹಾಲ್ ಟಿಕೆಟ್ ದೊರೆಯಿತು.

ಇತಿಹಾಸ ಪರೀಕ್ಷೆ ಒಂಬತ್ತೂವರೆಗೆ ಆರಂಭವಾಯಿತು. ಒಂದು ಬೆಂಚಿಗೆ ಒಬ್ಬರಂತೆ ಕೂರಿಸಿದ್ದರು. ಮೊದಲ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೆ, ಹೊರಗೆ ಗಂಟೆ ಬಾರಿಸಿದರು. ಆಗ ನನ್ನ ಕೈ ಪೆನ್ನಿನ ಮುಚ್ಚಳ ಹಾಕಿತು, ಕಾಲುಗಳು ಎದ್ದವು. ಬೆಂಚಿನಿಂದ ಅರ್ಧ ಮೇಲೆದ್ದ ಮೇಲೆಯೇ ನಾನೆಲ್ಲಿದ್ದೇನೆಂಬ ಅರಿವಾದದ್ದು. ಗಡಿಯಾರ ಹತ್ತು ತೋರಿಸುತ್ತಿತ್ತು.

ಕೊಠಡಿಯ ಮೇಲ್ವಿಚಾರಕರು ಹತ್ತಿರ ಬಂದರು. “ಏನಮ್ಮ, ಹಾಳೆ ಬೇಕಾ?”

“ಇಲ್ಲ ಸರ್.”

“ಮತ್ತೆ ಎದ್ದೆ? ಅರ್ಧ ಗಂಟೆ ಆಯ್ತು ಅಂತ ಬೆಲ್ ಹೊಡೆದಿದ್ದು ಅಷ್ಟೆ. ಇನ್ನೂ ತುಂಬಾ ಟೈಮಿದೆ.”

“ಕೂರ್ತೀನಿ ಸರ್” ಎಂದೆ.

ಕುಳಿತೆ. ಮುಚ್ಚಳ ತೆಗೆದೆ. ಈ ಹೊತ್ತಿಗೆ ಮೇಸ್ತ್ರಿ ಏರು ಹತ್ತುತ್ತಿರಬಹುದೆಂದು ಒಂದು ಕ್ಷಣ ಅನ್ನಿಸಿತು, ಆಮೇಲೆ ಅದನ್ನು ಬಿಟ್ಟೆ. ಎರಡನೆಯ ಪುಟದಲ್ಲಿ, ಒಂದು ಸಾಮ್ರಾಜ್ಯದ ಪತನಕ್ಕೆ ಕಾರಣಗಳನ್ನು ವಿವರಿಸಿ ಎಂಬ ಪ್ರಶ್ನೆಯಿತ್ತು. ವಿವರಿಸಿದೆ. ಕೊನೆಯ ಗಂಟೆ ಹೊಡೆಯುವವರೆಗೆ ನಾನು ಏಳಲಿಲ್ಲ. ಬರೆಯುವುದು ಮುಗಿದ ಮೇಲೂ ಕೈಕಟ್ಟಿ ಕುಳಿತಿದ್ದೆ.

ಆ ಸಂಜೆ ಬಚ್ಚಲಿನಿಂದ ಹೊರಬಂದಾಗ ಅಮ್ಮ ಒಲೆಯ ಮುಂದಿದ್ದಳು. ಪ್ರಶ್ನೆಗಳು ಸುಲಭವಿದ್ದವೇ, ಪಾಸಾಗುತ್ತೀಯಾ ಎಂದು ಅವಳು ಕೇಳಲಿಲ್ಲ.

“ಪೂರ್ತಿ ಕೂತಿದ್ಯಾ?” ಎಂದಳು.

“ಪೂರ್ತಿ.”

“ಹ್ಞೂಂ” ಎಂದು, ಕಾಫಿ ಸೋಸಿ ಲೋಟವನ್ನು ನನ್ನ ಕಡೆಗೆ ಸರಿಸಿದಳು.

ಆ ಪರೀಕ್ಷೆಯಲ್ಲಿ ನಾನು ಉತ್ತೀರ್ಣಳಾದೆ. ಅಮ್ಮ ಕೊಟ್ಟ ಮಾತಿನಂತೆ ಮುಂದೆ ಅಡ್ಡ ಬರಲಿಲ್ಲ. ಅನಂತರ ಎರಡನೆಯ ಅಲೆ ಬಂದು ಕಾಲೇಜು ಮತ್ತೆ ಮುಚ್ಚಿದಾಗ, ಕಟ್ಟೆಯ ಮೇಲೆ ಹತ್ತೂವರೆಯವರೆಗೆ ಕೂರಲು ಯಾರ ಅಡ್ಡಿಯೂ ಇರಲಿಲ್ಲ. ಈಗ ಪದವಿ ಮುಗಿಸಿ ಬಿ.ಇಡಿ. ಓದುತ್ತಿದ್ದೇನೆ. ರೈಟರ ಪುಸ್ತಕದಲ್ಲಿ ನನ್ನ ಹೆಸರು ಸೇರಲಿಲ್ಲ. ಆದರೆ ಲೈನಿನವರ ಅರ್ಜಿಗಳನ್ನು ಈಗಲೂ ನಾನೇ ಬರೆಯುತ್ತೇನೆ. ಮೊದಲು ಏನಾಯಿತೆಂದು ಕೇಳುತ್ತೇನೆ, ಆಮೇಲೆ ಬರೆಯುತ್ತೇನೆ. ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆಂದು ರೈಟರಿಗೆ ಸ್ವಲ್ಪ ಅಸಮಾಧಾನವಿದೆ.

ಮೇಲೆ ವಿವರಿಸಿರುವುದೆಲ್ಲವೂ ನಡೆದಂತೆಯೇ ಇದೆ. ಬರದೇ ಇದ್ದ ಜ್ವರ ಯಾವುದನ್ನೂ ಇದರಲ್ಲಿ ಸೇರಿಸಿಲ್ಲ.